ಎಲ್ಲಿಂದ ಬಂತು ಈ ನಾಲ್ಕು

ಎಡಗಾಲಿನ ಶೂ ಏನು ಮಾಡಿದರೂ ಒಳಗೆ ಹೋಗಲೊಲ್ಲದು. ಗಣಿತದ ಮೇಷ್ಟ್ರು ಮಂಚದ ತುದಿಯಲ್ಲಿ ಕೂತು, ತೀರಿಹೋದ ಗೆಳೆಯರ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಹೆಣಗುತ್ತಿದ್ದರು. ಇಬ್ಬರೂ ಒಂದೇ ಕಾಲೇಜಿನಲ್ಲಿ, ಒಂದೇ ಮೇಜಿನ ಆಚೆ ಈಚೆ ಕೂತು ತಲೆ ನರೆಸಿಕೊಂಡವರು. ಇವರದು ಗಣಿತ, ಅವರದು ಭೌತಶಾಸ್ತ್ರ.

“ಲೇಸ್ ಪೂರ್ತಿ ಬಿಚ್ಚಿ,” ಎಂದರು ಬಾಗಿಲಲ್ಲಿ ನಿಂತಿದ್ದ ಗೆಳೆಯರ ಹೆಂಡತಿ. “ಬದುಕಿದ್ದಾಗ್ಲೂ ಹೀಗೇ. ಅವಸರ ಮಾಡಿದ್ರೆ ಕಾಲು ಬಿಗಿ ಹಿಡಿಯೋರು.”

ಮೇಷ್ಟ್ರಿಗೆ ನಗು ಬಂತು; ಬಂದದ್ದಕ್ಕೆ ನಾಚಿಕೆಯೂ ಆಯಿತು.

“ನಿಮ್ಮಿಂದ ನನಗೆ ದೊಡ್ಡ ಉಪಕಾರ ಆಗಿದೆ,” ಎಂದರು ಆಕೆ. “ನೀವು ಆ ಲೆಕ್ಕ ತಪ್ಪು ಅಂದ ಮೇಲೇ ಇವ್ರು ಮನೆಮಂದಿ ಮುಖ ನೋಡಿದ್ದು. ಅಲ್ಲೀವರೆಗೆ ಊಟಕ್ಕೆ ಕೂತ್ರೂ ತಟ್ಟೇಲಿ ಬೆರಳಿಂದ ಗೀಚ್ತಿದ್ರು.”

ಮೇಷ್ಟ್ರು ಲೇಸು ಬಿಚ್ಚುವ ನೆಪದಲ್ಲಿ ತಲೆ ಇನ್ನಷ್ಟು ತಗ್ಗಿಸಿದರು.

*

ಅವತ್ತು ಗೆಳೆಯರು ಅಧ್ಯಾಪಕರ ಕೋಣೆಗೆ ಕಾಗದದ ಕಟ್ಟು ಹಿಡಿದು ಬಂದಿದ್ದರು. ಹರಿಯುವ ವಿದ್ಯುತ್ತು ಸುತ್ತ ಕಾಂತಬಲ ಹುಟ್ಟಿಸುವ ಹಾಗೆಯೇ ಚಲಿಸುವ ಭಾರವೂ ತನ್ನ ಸುತ್ತ ಒಂದು ನವಿರಾದ ಬಲ ಹುಟ್ಟಿಸುತ್ತದೆ; ಎರಡರ ಸಮೀಕರಣವೂ ಹೆಚ್ಚುಕಡಿಮೆ ಒಂದೇ ಅಚ್ಚು. ಅದನ್ನು ತಮ್ಮದೇ ದಾರಿಯಲ್ಲಿ ಸಾಧಿಸಿ, ವಿದ್ವಾಂಸರ ಸಭೆಯೊಂದರಲ್ಲಿ ಓದಲು ಹೊರಟಿದ್ದರು.

“ಒಂದ್ಸಲ ಕಣ್ಣಾಡಿಸಿಬಿಡಪ್ಪ.”

ಮೇಷ್ಟ್ರ ಮುಂದೆ ತಿದ್ದಬೇಕಾದ ಉತ್ತರಪತ್ರಿಕೆಗಳ ರಾಶಿ. ಕಣ್ಣಾಡಿಸಿದರು, ಅಷ್ಟೆ. “ಎಲ್ಲಿಂದ ಬಂತು ಈ ನಾಲ್ಕು? ವಿದ್ಯುತ್ತಿನ ಲೆಕ್ಕದಲ್ಲಿ ಇಲ್ಲಿ ನಾಲ್ಕಿಲ್ಲ. ನಿನ್ನ ಜೋಡಿ ಇಲ್ಲೇ ಕುಂಟ್ತು ನೋಡು,” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ, ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದರು. ಕೋಣೆಯಲ್ಲಿದ್ದವರೆಲ್ಲ ನಕ್ಕರು. ಗೆಳೆಯರೂ ನಕ್ಕರು. ಸಭೆಗೆ ಹೋಗಲಿಲ್ಲ.

ಮೇಷ್ಟ್ರಿಗೆ ಹೊಳೆದದ್ದು ತಡವಾಗಿ. ಗುರುತ್ವದ ಲೆಕ್ಕದಲ್ಲಿ ಆ ನಾಲ್ಕು ಇರಲೇಬೇಕು. ಎರಡು ಬಲಗಳೂ ಹೋಲುವ ಅಣ್ಣತಮ್ಮಂದಿರೇ ಹೊರತು ಅವಳಿಗಳಲ್ಲ. ಹೇಳಿಬಿಡೋಣ ಎಂದು ಸಂಜೆ ಅವರ ಮನೆಗೆ ಹೋದರೆ ಗೆಳೆಯರು ಟೀ ಬಗ್ಗಿಸುತ್ತಾ ಕುರ್ಚಿ ತೋರಿಸಿದರು. ಹೇಳಿದರೆ ಈ ಕುರ್ಚಿ ತಪ್ಪುತ್ತದೆ ಎನ್ನಿಸಿ ನಾಲಿಗೆ ಏಳಲಿಲ್ಲ. ಆಮೇಲಿನ ಸಂಜೆಗಳೂ ಹಾಗೇ ಕಳೆದವು.

*

ಶೂ ಕೊನೆಗೂ ಒಳಗೆ ಹೋಯಿತು. ಅಮ್ಮ ಆಚೆ ಹೋದ ಮೇಲೆ ಗೆಳೆಯರ ಮಗಳು ಬಟ್ಟೆ ತಂದು ಅದರ ಧೂಳು ಒರೆಸಿದಳು.

“ಆ ಲೆಕ್ಕ ತಪ್ಪಿರ್ಲಿಲ್ಲ ಮಾಮ. ಅಪ್ಪ ಮತ್ತೆ ಮಾಡಿ ನೋಡಿದ್ರು, ಸರಿಯಾಗೇ ಇತ್ತಂತೆ.”

ಮೇಷ್ಟ್ರು ಬಿಚ್ಚಿದ್ದ ಲೇಸು ಕಟ್ಟತೊಡಗಿದರು. “ಮತ್ತೆ ಯಾಕೆ ಎಲ್ಲೂ ಓದ್ಲಿಲ್ಲ?”

“ಓದಿದ್ರೆ ನಿಮಗೆ ಗೊತ್ತಾಗತ್ತೆ, ನಾಚ್ಕೊಂಡು ಸಂಜೆ ಬರೋದೇ ಬಿಟ್ಬಿಡ್ತೀರಿ ಅಂತಿದ್ರು. ಸಮೀಕರಣ ಯಾರಾದ್ರೂ ಬರೀತಾರೆ, ಟೀಗೆ ಜೊತೆ ಯಾರಿದಾರೆ ಅಂದ್ರು.”

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ನನಗೂ ಗೊತ್ತಿತ್ತು ಎಂಬ ಮಾತು ಹಲ್ಲಿನ ಹಿಂದೆಯೇ ನಿಂತಿತು. ಅಷ್ಟರಲ್ಲಿ ಶವಪೆಟ್ಟಿಗೆ ಎತ್ತುವವರು ಒಳಗೆ ಬಂದರು.

“ತಲೆ ಕಡೆ ಮೇಷ್ಟ್ರೇ ಹಿಡೀಲಿ,” ಎಂದರು ಹಿಂದೆಯೇ ಬಂದ ಗೆಳೆಯರ ಹೆಂಡತಿ ಕಣ್ಣೊರೆಸಿಕೊಂಡು. “ಇವ್ರಿಗೆ ಅವರಿಗಿಂತ ಬೇಕಾದವ್ರು ಯಾರಿದ್ರು?”

ಗೆಳೆಯರನ್ನು ಮಲಗಿಸಿ ಮುಚ್ಚಿದ ಪೆಟ್ಟಿಗೆ ಹೆಗಲಿಗೇರಿತು. ಮೆಟ್ಟಿಲು ಇಳಿಯುವಾಗ ಒಂದು ಮೂಲೆ ತಗ್ಗಿತು.

“ಮೇಷ್ಟ್ರೇ, ನಿಮ್ಮ ಕಡೆ ವಾಲ್ತಾ ಇದೆ,” ಎಂದ ಪಕ್ಕದಲ್ಲಿ ಹೊತ್ತವನು. “ನಾನ್ ಹಿಡ್ಕೊಳ್ಳಾ?”

ಅವರು ಬೇಡವೆಂದು ತಲೆಯಾಡಿಸಲು ನೋಡಿದರು. ಪೆಟ್ಟಿಗೆಯ ಅಂಚು ಕೆನ್ನೆಗೆ ಒತ್ತಿಕೊಂಡು, ತಲೆ ಅತ್ತಿತ್ತ ಆಡದಾಗಿತ್ತು.