ಬೋರ್ಡಿನ ಬಾವಿ

"ಹಗ್ಗಕ್ಕ ಕೈ ಹಚ್ಚಬ್ಯಾಡ, ಬೋಸುಡಿ! ಹಿಡದಂಗ ತೋರ್ಸು, ಸಾಕು!"

ಶಶಿಕಾಂತ ಬಾವಿಕಟ್ಟೆಯ ಕೆಳಗಿನಿಂದ ಒದರಿದ. ಕರೆವ್ವ ಹಗ್ಗಕ್ಕೆ ತಾಗದಂತೆ ಬರಿಯ ಗಾಳಿಯನ್ನು ಹಿಡಿದು ನಿಂತಳು. ರೋಣದಿಂದ ಬಂದ ಫೋಟೋಗ್ರಾಫರ್ ಹಾಲೇಶ ಕ್ಯಾಮೆರಾ ಸರಿಪಡಿಸುತ್ತಿದ್ದ.

ರೋಣದ ತಾಲೂಕು ಬೋರ್ಡು ಮುಚ್ಚಿ ದಶಕಗಳೇ ಕಳೆದಿವೆ. ಊರೇ ಈಗ ರೋಣವನ್ನು ಬಿಟ್ಟು ಗಜೇಂದ್ರಗಡ ತಾಲೂಕಿನ ಪಾಲಾಗಿದೆ. ಆದರೂ ಬೋರ್ಡಿನ ಇತಿಹಾಸ ಅಚ್ಚಾಗಬೇಕಿತ್ತು. ಶಶಿಕಾಂತನ ಅಜ್ಜ ಅದರ ಅಧ್ಯಕ್ಷನಾಗಿದ್ದಾಗ ಈ ಬಾವಿ ತೋಡಿಸಿದ್ದ. 'ಸರ್ವ ಜಾತಿಯವರಿಗೆ' ಎಂದು ಕೊರೆದ ಕಲ್ಲಿನ ಪಕ್ಕ ದಲಿತ ಕೇರಿಯ ಹೆಂಗಸೊಬ್ಬಳು ನೀರು ಸೇದುವ ಚಿತ್ರ ಮುಖಪುಟಕ್ಕೆ ಬೇಕಾಗಿತ್ತು. ಆ ಕಲ್ಲು ನೆಟ್ಟಂದಿನಿಂದಲೂ ಕೇರಿಯವರು ಕೆಳಗೆ ಕೊಡವಿಟ್ಟು ಕಾದದ್ದೇ ಬಂತು. ಮನಸ್ಸಾದರೆ ಮೇಲಿನವರು ಎತ್ತಿ ಸುರಿಯುತ್ತಿದ್ದರು. ಇಲ್ಲದಿದ್ದರೆ ಕೇರಿಯ ಕೊಳವೆಬಾವಿಯ ಸವಳು ನೀರೇ ಗತಿ.

ಈ ವಾರ ಯಾರೂ ಸುರಿದಿರಲಿಲ್ಲ. ಮನೆಯಲ್ಲಿ ಸೊಸೆ ಅನ್ನಪೂರ್ಣಾ ಹಸಿ ಬಾಣಂತಿ. ಸವಳು ನೀರಿನಲ್ಲಿ ಬೇಳೆ ಬೇಯದು. ಕುಡಿದರೆ ಅವಳ ಹೊಟ್ಟೆಯಲ್ಲಿ ನಿಲ್ಲದು.

"ಧಣ್ಯಾರ, ಫೋಟೋ ಆದಮ್ಯಾಲೆ ಒಂದ ಕೊಡ ನೀರ ಹಾಕಸ್ರಿ. ಬಾಣಂತಿ ಅದಾಳ್ರಿ."

"ಮೊದಲ ನಗು. ನಮ್ಮಜ್ಜ ಬಾವಿ ತೋಡಿಸಿದ್ದಲ್ಲ, ಬಾವಿಗೆ ಬಿದ್ದ ಸತ್ತಂಗ ಐತಿ ನಿನ್ನ ಮಾರಿ."

ಹಾಲೇಶ ತಲೆ ಎತ್ತಿದ. "ಸಾವಕಾರ್ರ, ಹಗ್ಗ ಸಡಲ ಬಿದ್ದೈತ್ರಿ. ಇದು ನಾಟಕ ಅಂತ ಕುರುಡಗೂ ತಿಳೀತೈತಿ. ಖರೇನ ಜಗ್ಗಲಿ."

ಶಶಿಕಾಂತ ಸುತ್ತಲೂ ನೋಡಿದ. ಯಾರೂ ಇರಲಿಲ್ಲ. "ಒಂದ ಸಲ ಜಗ್ಗು, ಲಗೂ. ಆ ನೀರ ಗಟಾರಕ್ಕ ಸುರುವು. ಹಗ್ಗ ಹೊಸಾದು ತರಸ್ತೀನಿ."

ಗಡಗಡಿ ಕಿರುಗುಟ್ಟಿತು. ಭಾರ ಕರೆವ್ವನ ರಟ್ಟೆಗೆ ಹತ್ತಿತು. ಫೋಟೋಕ್ಕೆಂದು ತಂದ ಹಿತ್ತಾಳೆಯ ಕೊಡ ತುಳುಕುತ್ತ ಮೇಲೆ ಬಂದಾಗ, ಯಾರೂ ಹೇಳದೆಯೇ ಅವಳು ನಕ್ಕಳು. ಹಾಲೇಶ ಚಿತ್ರ ಹಿಡಿದ.

"ಮುಗೀತು. ಸುರುವು," ಎಂದ ಶಶಿಕಾಂತ.

ಅವಳು ಕಟ್ಟೆಯ ಮೇಲಿನಿಂದಲೇ ಬಗ್ಗಿ, ಕೆಳಗಿದ್ದ ತನ್ನ ಪ್ಲಾಸ್ಟಿಕ್ ಕೊಡಕ್ಕೆ ಸುರಿದಳು.

"ಏ ಸೂಳಿ ಮಗಳ! ನಿನ್ನ ಗುಡಸಲ ಯಾರ ಜಾಗಾದಾಗ ಐತಿ? ಸಂಜಿಯೊಳಗ ಕಿತ್ತ ಒಗಸ್ತೀನಿ!"

ಅದು ಬರಿಯ ಬಾಯಿಮಾತಾಗಿರಲಿಲ್ಲ; ಕೇರಿಯ ಮಾಳವ್ವನ ಗುಡಿಸಲು ಹೀಗೆಯೇ ಹೋಗಿತ್ತು. ಚೆಲ್ಲಿದರೆ ಸೊಸೆಗೆ ನೀರಿಲ್ಲ, ಒಯ್ದರೆ ಕೂಸಿಗೆ ಸೂರಿಲ್ಲ. ಕರೆವ್ವ ಗಳಿಗೆ ಹೊತ್ತು ತುಂಬಿದ ಕೊಡವನ್ನೇ ನೋಡಿದಳು. ಆಮೇಲೆ ಹಿತ್ತಾಳೆಯ ಕೊಡವನ್ನು ಮತ್ತೆ ಬಾವಿಗಿಳಿಸಿ, ಕೇರಿಯ ಕಡೆ ತಿರುಗಿ ಕೂಗಿದಳು:

"ಮಾಳವ್ವಾ! ಸಿದ್ದವ್ವಾ! ಕೊಡ ತಗೊಂಡ ಬರ್ರೆ! ನಾ ಸೇದಿ ಹಾಕ್ತೀನಿ!"

ಶಶಿಕಾಂತ ಒಂದು ಅಂಗೈಯಿಂದ ಕ್ಯಾಮೆರಾದ ಕಣ್ಣು ಮುಚ್ಚಿ, ಇನ್ನೊಂದು ಕೈಯಲ್ಲಿ ಫೋನನ್ನು ಕಿವಿಗಿಟ್ಟ. ಕೇರಿಯಿಂದ ಖಾಲಿ ಕೊಡಗಳ ಸದ್ದು ಹೊರಟಿತು. ತುಸು ಹೊತ್ತಿಗೆ ಊರಬಾಗಿಲಿನ ಅಗಸಿಯ ಕಡೆಯಿಂದ ಗಂಡಸರ ಚಪ್ಪಲಿಗಳದು.