ಪರೀಕ್ಷೆಗೆ ಇಟ್ಟ ಎದೆ

“ಅಂಗಿ ಎತ್ತಿ ಹಿಡಿ ಅಂತ ಎಷ್ಟು ಸರ್ತಿ ಹೇಳಬೇಕು ನಿನಗ? ಕತ್ತೆ ನಿಂತಂಗ ನಿಂತೀಯಲ್ಲ.”

ಡಾಕ್ಟರ್ ರಾಘವೇಂದ್ರ ಗದರಿದರು. ಗದಿಗೆಮ್ಮ ಮಗಳ ಅಂಗಿಯನ್ನು ಮತ್ತೆ ಕೊರಳಿನವರೆಗೆ ಎತ್ತಿದಳು. ಬೆಳಗಿನಿಂದ ಪರೀಕ್ಷೆ ಕೊಡಲು ಬಂದ ಹನ್ನೊಂದು ಜನ ವೈದ್ಯ ವಿದ್ಯಾರ್ಥಿಗಳು ಸಾಬವ್ವನ ಎದೆಗೆ ಸ್ಟೆತಾಸ್ಕೋಪಿನ ತಣ್ಣನೆಯ ಬಿಲ್ಲೆ ಒತ್ತಿ ಹೋಗಿದ್ದರು. ಒಂಬತ್ತು ವರ್ಷದ ಹುಡುಗಿ, ಆರರವಳಂತೆ ಕಾಣುತ್ತಿದ್ದಳು.

ಯಾದಗಿರಿ ಕಡೆಯಿಂದ ಬಂದು ಹೈದರಾಬಾದಿನ ತಾರ್ನಾಕದಲ್ಲಿ ಕಟ್ಟಡಗಳಿಗೆ ಕಲ್ಲು ಹೊರುವ ಗದಿಗೆಮ್ಮನಿಗೆ, ಅಲ್ಲಿನ ದವಾಖಾನೆಯಲ್ಲಿ ಕನ್ನಡದ ದೊಡ್ಡ ಡಾಕ್ಟರು ಸಿಕ್ಕಿದ್ದೇ ಪುಣ್ಯವೆನಿಸಿತ್ತು. ಮೂರು ವರ್ಷದ ಹಿಂದೆ ಅವರೇ ಬಿಡಿಸಿ ಹೇಳಿದ್ದರು: ಹೃದಯದ ನಡುಗೋಡೆಯಲ್ಲಿ ಹುಟ್ಟಿನಿಂದಲೇ ತೂತು, ಎಡಗಡೆಯ ಶುದ್ಧ ರಕ್ತ ಬಲಕ್ಕೆ ಸೋರಿ ಮತ್ತೆ ಶ್ವಾಸಕೋಶಕ್ಕೇ ನುಗ್ಗುತ್ತದೆ, ಹೊಲಿದರೆ ಹುಡುಗಿ ಓಡಾಡುತ್ತಾಳೆ. “ನಮ್ಮ ಹುಡುಗರ ಪರೀಕ್ಷಾ ಮುಗೀಲಿ, ಆಪರೇಷನ್ನಿಗೆ ಬರೀತೀನಿ. ತೂತಿನ ಸದ್ದು ಇಷ್ಟು ಸ್ವಚ್ಛ ಕೇಳೋ ಕೇಸು ಬ್ಯಾರೆ ಸಿಗಂಗಿಲ್ಲ.” ಮರುವರ್ಷವೂ ಪರೀಕ್ಷೆ ಬಂತು. ಅದರ ಮರುವರ್ಷವೂ.

ಇವತ್ತಿನ ಹನ್ನೆರಡನೆಯವಳು ಮಧುರಾ, ಕಲಬುರಗಿಯ ಹುಡುಗಿ. ಬಿಲ್ಲೆಯನ್ನು ನಾಲ್ಕು ಕಡೆ ಇಟ್ಟು ಕೇಳಿದಳು. ಸಾಬವ್ವನ ನೀಲಿಗಟ್ಟಿದ ಉಗುರು ಹಿಡಿದು ನೋಡಿದಳು.

“ಸದ್ದು ಭಾಳ ಕಮ್ಮಿ ಆಗೇದ ಸರ್.”

“ತೂತು ಮುಚ್ಚಾಕತ್ತೈತೇನ್ರಿ ಅಕ್ಕಾರ?” ಗದಿಗೆಮ್ಮನ ಮುಖ ಅರಳಿತು.

ರಾಘವೇಂದ್ರ ಕಣ್ಣಲ್ಲೇ ಬೇಡವೆಂದರು. ಮಧುರಾ ಆದರೂ ಹೇಳಿದಳು: “ಇಲ್ಲಮ್ಮ. ಶ್ವಾಸಕೋಶದ ರಕ್ತನಾಳ ಬಿರುಸಾಗ್ಯಾವ. ರಕ್ತ ಈಗ ಉಲ್ಟಾ ಹರಿಯಾಕತ್ತದ. ಇನ್ನ ಹೊಲಿಯೂದು ಆಗಂಗಿಲ್ಲ.”

“ಮೊದಲ ಬಂದಾಗ?”

“ಆವಾಗ ಆಗ್ತಿತ್ತು.”

“ನೀ ಹೊರಗ ನಡಿ,” ಎಂದು ಅವಳನ್ನು ಕಳಿಸಿ ರಾಘವೇಂದ್ರ ಇತ್ತ ತಿರುಗಿದರು. “ಪುಕ್ಕಟೆ ಮಂಚ, ಪುಕ್ಕಟೆ ಊಟ ಕೊಟ್ಟೀವಿ ನಿಮಗ. ಎತ್ತು ಅಂಗಿ.”

ಗದಿಗೆಮ್ಮ ಅಂಗಿ ಇಳಿಸಿ ಒಂದೊಂದೇ ಗುಂಡಿ ಹಾಕಿದಳು. “ನಿನ್ನ ಹೆಣಾ ಎತ್ತಲಿ,” ಎಂದಳು, ದನಿ ಏರಿಸದೆ.

ಮಗಳನ್ನು ಹೆಗಲಿಗೆ ಹಾಕಿಕೊಂಡು ಬಂದವಳು ವಾರ್ಡಿನ ಬಾಗಿಲಿಗೆ ಅಡ್ಡ ಕುಳಿತಳು. ಹೊರಗೆ ಬಿಳಿ ಕೋಟಿನ ಹುಡುಗರು ಸರದಿಗೆ ಕಾದಿದ್ದರು; ಬೇರೆ ಊರಿಂದ ಬಂದ ಪರೀಕ್ಷಕರೊಬ್ಬರು ಚಹಾ ಕುಡಿಯುತ್ತಿದ್ದರು. ಕಲ್ಲು ಹೊರುತ್ತ ಕಲಿತ ಮುರುಕು ತೆಲುಗು ಬೆರೆಸಿ ಹೇಳಿದಳು:

“ಕೇಸು ಬರಕೋತೀರಲ್ಲ, ಬರಕೋರಿ. ಸಾಬವ್ವ. ವಯಸ್ಸು ಒಂಬತ್ತು. ಮೂರು ವರ್ಸ ನಿಮ್ಮ ಪರೀಕ್ಷಾಕ್ಕ ಎದಿ ತೆರದು ನಿಂತಾಳ. ಹೊಲಿಯೋ ಹೊತ್ತಿನಾಗ ಹೊಲೀಲಿಲ್ಲ.”

ಒಬ್ಬ ಹುಡುಗ ಬರೆಯತೊಡಗಿದ. ಪರೀಕ್ಷಕರು ಕಪ್ಪು ಕೆಳಗಿಟ್ಟರು. ರಾಘವೇಂದ್ರರು ಕೂಗಿದ್ದಕ್ಕೆ ವಾರ್ಡಿನ ಆಳುಗಳಿಬ್ಬರು ಓಡಿಬಂದು ಅವಳ ರಟ್ಟೆ ಹಿಡಿದು ಎಳೆದರು. ಸಾಬವ್ವ ಅವ್ವನ ಹೆಗಲ ಮೇಲೆ ಬಾಯಿ ತೆರೆದು ಉಸಿರೆಳೆಯುತ್ತಿದ್ದಳು. ಗದಿಗೆಮ್ಮ ಹೊಸ್ತಿಲು ಬಿಡಲಿಲ್ಲ.

“ಡಾಕ್ಟರನ ಹೆಸರು ಬರದಿಲ್ಲ ನೀನು,” ಎಂದಳು ಆ ಹುಡುಗನಿಗೆ. “ಅದನ್ನೂ ಬರಿ.”