ರಟ್ಟಿನ ಪೆಟ್ಟಿಗೆ ಹಿಡಿದುಕೊಂಡವನು

ಸೈಕಲ್ಲನ್ನು ಬಟ್ಟೆಗಂಟಿನ ಹಾಗೆ ‘ಲಗೇಜು’ ಅನ್ನುವವರನ್ನು ಕಂಡರೆ ನನಗಾಗುವುದಿಲ್ಲ. ಮೂವತ್ತೆರಡು ವರ್ಷದಿಂದ ಸೈಕಲ್ ರಿಪೇರಿ ಅಂಗಡಿ ನಡೆಸುತ್ತಿರುವವನು ನಾನು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಹೆಂಡತಿ ಹೇಳುತ್ತಾಳೆ. ಓಣಿಯವರಂತೂ ಮೆಣಸಿನಕಾಯಿ ಎಂದೇ ಹೆಸರಿಟ್ಟಿದ್ದಾರೆ. ಇಟ್ಟುಕೊಳ್ಳಲಿ, ಯಾರು ಬೇಡ ಅಂದರು? ಆದರೆ ನಾವು ವಿಮಾನದಲ್ಲಿ ಸೈಕಲ್ ಒಯ್ದ ಕಥೆಯನ್ನು ಮಾತ್ರ ನಾನೇ ಹೇಳಿಬಿಡುವುದು ಒಳ್ಳೆಯದು. ಬೇರೆಯವರ ಬಾಯಿಗೆ ಬಿದ್ದರೆ ಅದಕ್ಕೆ ರೆಕ್ಕೆಪುಕ್ಕ ಸೇರಿಕೊಳ್ಳುತ್ತದೆ.

ನನ್ನ ಮಗಳಿಗೆ ಇಪ್ಪತ್ತು ವರ್ಷ. ಸೈಕಲ್ ರೇಸಿನ ದೊಡ್ಡ ತಂಡದವರು ಆಯ್ಕೆಗೆಂದು ಅವಳನ್ನು ದೂರದ ಊರಿಗೆ ಕರೆದಿದ್ದರು. ಇಪ್ಪತ್ತು ದಾಟಿದವರನ್ನು ಅವರು ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಅವಳಿಗೆ ಇದೇ ಕೊನೆಯ ಅವಕಾಶ. ರೇಸು ಬೆಳಿಗ್ಗೆ. ಅದರ ಹಿಂದಿನ ಸಂಜೆ ಐದು ಗಂಟೆಯೊಳಗೆ ಸೈಕಲ್ಲನ್ನು ಓಡುವ ಸ್ಥಿತಿಯಲ್ಲಿ ಕ್ರೀಡಾಂಗಣಕ್ಕೆ ಒಯ್ದು ಅಧಿಕಾರಿಗೆ ತೋರಿಸಬೇಕು. ಐದು ದಾಟಿತೋ, ಹೆಸರು ಹೊಡೆದುಹಾಕುತ್ತಾರೆ. ಒಬ್ಬೊಬ್ಬ ಸವಾರರ ಜೊತೆ ಒಬ್ಬ ಮೆಕ್ಯಾನಿಕ್‌ಗೆ ಒಳಗೆ ಹೋಗಲು ಪಾಸು ಕೊಡುತ್ತಾರೆ. ಸೀಟಿ ಊದುವ ತನಕ ಸೈಕಲ್ಲಿನ ಸೀಟು ಹಿಡಿದು ನಿಲ್ಲುವವನು ಅವನೇ. ರೇಸಿನ ದಿನ ಆ ಸೀಟು ಹಿಡಿಯುವವನು ನಾನು ಎಂದು ಓಣಿಗೆಲ್ಲ ಡಂಗುರ ಸಾರಿದ್ದೆ.

ಹೊರಡುವ ದಿನ ಬೆಳಿಗ್ಗೆ ಅಂಗಡಿಯಲ್ಲಿ ಸೈಕಲ್ ಬಿಚ್ಚಲು ಕೂತೆ. ಮಗಳು ಒಂದಿಷ್ಟು ಸಣ್ಣ ಪ್ಲಾಸ್ಟಿಕ್ ಚೀಲಗಳನ್ನೂ ಪೆನ್ನನ್ನೂ ಹಿಡಿದು ಬಂದಳು.

“ಅಪ್ಪಾ, ಬಿಚ್ಚಿದ್ದನ್ನೆಲ್ಲ ಒಂದೊಂದು ಚೀಲಕ್ಕೆ ಹಾಕಿ ಹೆಸರು ಬರೆಯೋಣ. ಟೈರಿನ ಗಾಳೀನೂ ತೆಗೀಬೇಕಂತೆ.”

“ಅಜ್ಜಿಗೆ ಕೆಮ್ಮು ಕಲಿಸ್ಬೇಡ. ತುಳಿಯೋದು ನಿನ್ನ ಕೆಲಸ, ಬಿಚ್ಚೋದು ಕಟ್ಟೋದು ನನ್ನದು.”

ಅವಳು ಚೀಲಗಳನ್ನು ಮಡಚಿ ತನ್ನ ಬ್ಯಾಗಿಗೆ ಹಾಕಿಕೊಂಡಳು. ನಾನು ಪೆಡಲ್ ಬಿಚ್ಚಿದೆ, ಮುಂದಿನ ಚಕ್ರ ಕಳಚಿದೆ, ಹ್ಯಾಂಡಲ್ ಹಿಡಿದಿಡುವ ಎರಡು ಬೋಲ್ಟು ತೆಗೆದು ಹ್ಯಾಂಡಲ್ಲನ್ನು ಅಡ್ಡಲಾಗಿ ಕಟ್ಟಿದೆ. ನನ್ನದೊಂದು ಪದ್ಧತಿ ಇದೆ. ಬಿಚ್ಚಿದ ಬೋಲ್ಟನ್ನು ನಾನು ಕೆಳಗಿಡುವವನಲ್ಲ, ಅಂಗಿಯ ಎಡಜೇಬಿಗೆ ಹಾಕಿಕೊಳ್ಳುವವನು. ನೆಲಕ್ಕಿಟ್ಟ ಬೋಲ್ಟು ನೆಲದ ಪಾಲು ಎಂದು ನನಗೆ ಕೆಲಸ ಕಲಿಸಿದ ಮೇಸ್ತ್ರಿ ಹೇಳುತ್ತಿದ್ದ. ಮೂವತ್ತೆರಡು ವರ್ಷದಲ್ಲಿ ನಾನು ಒಂದೇ ಒಂದು ಬೋಲ್ಟು ಕಳೆದವನಲ್ಲ.

ಎಲ್ಲವನ್ನೂ ದೊಡ್ಡ ರಟ್ಟಿನ ಪೆಟ್ಟಿಗೆಗೆ ತುಂಬಿ, ಅದಕ್ಕೆ ಹನ್ನೊಂದು ಸುತ್ತು ಟೇಪು ಸುತ್ತಿ ಮುಗಿಸುವಷ್ಟರಲ್ಲಿ ಹೆಂಡತಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಿಡಿದು ನಿಂತಿದ್ದಳು.

“ರೀ, ಈ ಗ್ರೀಸ್ ಅಂಗೀಲಿ ವಿಮಾನ ಹತ್ತಿ ನನ್ನ ಮರ್ಯಾದೆ ಕಳೀಬೇಡಿ. ಬಿಚ್ಚಿ ಇತ್ಲಾಗೆ ಕೊಡಿ.”

ಕೊಟ್ಟೆ. ವಾದ ಮಾಡಲು ಹೊತ್ತಿರಲಿಲ್ಲ.

ವಿಮಾನ ನಿಲ್ದಾಣದ ಕೌಂಟರಿನ ಹುಡುಗಿ ಪೆಟ್ಟಿಗೆಯನ್ನು ಅಳೆದಳು, ತೂಗಿದಳು. ಆಮೇಲೆ ಕೇಳಿದಳು, “ಸರ್, ಟೈರಿನ ಗಾಳಿ ತೆಗೆದಿದ್ದೀರಾ?”

“ಗಾಳಿ ತೆಗೆದ್ರೆ, ನಿಮ್ಮೋರು ಎತ್ತಿ ಎಸೆದಾಗ ರಿಮ್ಮಿನ ಗತಿ ಏನಮ್ಮ?”

“ನಮ್ಮೋರು ಎಸೆಯಲ್ಲ ಸರ್.”

“ಎಸೆಯಲ್ವಂತೆ! ಹೂವಿನ ಹಾಗೆ ಎತ್ತಿಡ್ತಾರಂತೆ!”

ಹಿಂದಿದ್ದ ಸಾಲು ನನ್ನನ್ನೇ ನೋಡುತ್ತಿತ್ತು. ಮಗಳು ಮೆಲ್ಲಗೆ, “ಅಪ್ಪಾ, ನಿಯಮ ಅದು. ಬೆಳಿಗ್ಗೆ ಹೇಳಿದ್ನಲ್ಲ” ಎಂದಳು. ಹನ್ನೊಂದು ಸುತ್ತು ಟೇಪು ಕೀಳಬೇಕಾಯಿತು. ಗಾಳಿ ಬಿಟ್ಟಾಗ ಬಂದ ಸುಯ್ ಸದ್ದಿಗೆ ಮಗುವೊಂದು ನಕ್ಕಿತು, ನನಗೆ ಮೈಯೆಲ್ಲ ಉರಿಯಿತು. ಮತ್ತೆ ಟೇಪು ಸುತ್ತಿದರೆ, ಈ ಅಳತೆಯ ಪೆಟ್ಟಿಗೆ ಇಲ್ಲಿ ಹೋಗುವುದಿಲ್ಲ, ಆ ಕೊನೆಯ ಬಾಗಿಲಿಗೆ ಒಯ್ಯಿರಿ ಎಂದರು. ಕೊನೆಯ ಬಾಗಿಲಲ್ಲಿ ಯಾರೂ ಇರಲಿಲ್ಲ. ಇಪ್ಪತ್ತು ನಿಮಿಷದ ಮೇಲೆ ಒಬ್ಬ ಬಾಯಿ ಒರೆಸಿಕೊಳ್ಳುತ್ತಾ ಬಂದ. ಅವನಿಗೂ ಎರಡು ಮಾತು ಬಡಿಸಿದೆ.

ಅಲ್ಲಿಂದ ತಪಾಸಣೆ. ನನ್ನ ಕೈಚೀಲದಲ್ಲಿದ್ದ ಸ್ಪ್ಯಾನರನ್ನು ಅಲ್ಲಿನ ಅಧಿಕಾರಿಣಿ ಎತ್ತಿ ಹಿಡಿದಳು. ಮೇಸ್ತ್ರಿ ಸಾಯುವ ಮೊದಲು ನನಗೆ ಕೊಟ್ಟಿದ್ದ ಸ್ಪ್ಯಾನರ್ ಅದು.

“ಇಷ್ಟು ಉದ್ದದ್ದನ್ನ ಜೊತೇಲಿ ಒಯ್ಯೋ ಹಾಗಿಲ್ಲ.”

“ಇದರಲ್ಲಿ ನಾನೇನು ವಿಮಾನದ ರೆಕ್ಕೆ ಬಿಚ್ತೀನಾ?”

ತಮಾಷೆಗೆ ಅಂದದ್ದು. ಆಕೆಯ ಮುಖ ಕಲ್ಲಾಯಿತು. ಇನ್ನಿಬ್ಬರನ್ನು ಕರೆದಳು. ಜೇಬು, ಬೆಲ್ಟು, ಚಪ್ಪಲಿ, ಎಲ್ಲ ಎರಡೆರಡು ಸಲ ತಪಾಸಣೆ ಆಯಿತು. ಮಗಳು ಒಬ್ಬೊಬ್ಬರಿಗೂ “ಸಾರಿ ಮೇಡಂ, ಸಾರಿ ಸರ್” ಎನ್ನುತ್ತಾ ನಿಂತಿದ್ದಳು. ಸ್ಪ್ಯಾನರ್ ಅವರ ಡಬ್ಬಿಗೆ ಬಿತ್ತು. ವಿಮಾನದಲ್ಲಿ ದಾರಿಯುದ್ದಕ್ಕೂ ನಾನು ಅದನ್ನೇ ಗೊಣಗಿದೆ. ಮಗಳು ಕಣ್ಣು ಮುಚ್ಚಿಕೊಂಡಿದ್ದಳು. ನಿದ್ದೆ ಬಂದಿದೆ ಎಂದುಕೊಂಡೆ.

ಇಳಿದಾಗ ಮೂರೂಕಾಲು. ಎಲ್ಲರ ಸೂಟ್‌ಕೇಸುಗಳು ಬಂದು, ಎಲ್ಲರೂ ಹೋಗಿ, ಖಾಲಿ ಬೆಲ್ಟು ತಿರುಗುತ್ತಿದ್ದಾಗ ನಮ್ಮ ಪೆಟ್ಟಿಗೆ ಪಕ್ಕದ ಬಾಗಿಲಿಂದ ಹೊರಬಂತು. ಒಂದು ಮೂಲೆ ಜಜ್ಜಿಹೋಗಿತ್ತು. ನನ್ನ ಕಂದು ಟೇಪಿನ ಮೇಲೆ ಯಾರೋ ಹಳದಿ ಟೇಪು ಅಂಟಿಸಿದ್ದರು. ತಪಾಸಣೆಗೆ ತೆರೆಯಲಾಗಿದೆ ಎಂಬ ಚೀಟಿ ಬೇರೆ. ನನಗೆ ತಡೆದುಕೊಳ್ಳಲಾಗಲಿಲ್ಲ. ಅಲ್ಲೇ ನೆಲದ ಮೇಲೆ ಕೂತು ಪೆಟ್ಟಿಗೆ ಹರಿದೆ. ಚಕ್ರ ಇತ್ತು, ಪೆಡಲ್ ಇತ್ತು. ಹ್ಯಾಂಡಲ್ ಬೋಲ್ಟು ಎರಡೂ ಇರಲಿಲ್ಲ.

“ಕಳ್ಳರು!” ಎಂದೆ. ಎಷ್ಟು ಜೋರಾಗಿ ಎಂದರೆ ದೂರದಲ್ಲಿ ನೆಲ ಒರೆಸುತ್ತಿದ್ದ ಹೆಂಗಸು ಕೋಲು ಹಿಡಿದು ನಿಂತುಬಿಟ್ಟಳು. “ಬೋಲ್ಟೂ ಬಿಡದ ಕಳ್ಳರು!”

“ಅಪ್ಪಾ, ಒಂದ್ನಿಮಿಷ...”

“ನೀನು ಬಾಯಿ ಹಾಕ್ಬೇಡ.”

ದೂರು ಬರೆಸಿಕೊಳ್ಳುವ ಮೇಜಿನ ಹೆಂಗಸಿನ ಮುಂದೆ ಹೋಗಿ ನಿಂತೆ. ಆಕೆ ತಾಳ್ಮೆಯಿಂದಲೇ ಹೇಳಿದಳು, “ಸರ್, ತೆರೆದು ನೋಡಿ ಮುಚ್ಚಿದ್ದಾರೆ, ಅಷ್ಟೇ. ಒಳಗಿಂದ ಏನೂ ತೆಗೆಯಲ್ಲ. ಮನೇಲೇ ಉಳಿದಿರಬಹುದಾ?”

“ಏನಮ್ಮ, ಮೂವತ್ತೆರಡು ವರ್ಷದ ಅನುಭವ ಇರೋನಿಗೆ ಹೇಳ್ತೀಯಾ?”

“ಅಪ್ಪಾ, ಬೋಲ್ಟಿನ ವಿಷಯ...”

“ಸುಮ್ನಿರು ಅಂದೆ!”

ದೂರು ಮೂರು ಪ್ರತಿ. ಪೆಟ್ಟಿಗೆಯ ಬಣ್ಣ, ಅಳತೆ, ಕಳೆದ ವಸ್ತುವಿನ ವಿವರ. ‘ನಿಮ್ಮ ನೌಕರರೇ ಕದ್ದಿದ್ದಾರೆ’ ಎಂದು ಬರೆದು ಕೆಳಗೆ ಗೆರೆ ಎಳೆದೆ. ಗೆರೆ ಮೂರು ಪ್ರತಿಗೂ ಮೂಡಬೇಕೆಂದು ಒತ್ತಿ ಎಳೆದೆ. ಮಗಳು ಮೂರನೆಯ ಸಲ ಏನೋ ಹೇಳಲು ಬಂದು ಮೊಣಕೈ ಮುಟ್ಟಿದಳು. ಕೈ ಕೊಡವಿದೆ. ಅವಳು ಪೆಟ್ಟಿಗೆಯ ಪಕ್ಕ ಕೂತು ಗೋಡೆಯ ಗಡಿಯಾರ ನೋಡತೊಡಗಿದಳು.

ದೊಡ್ಡ ಟ್ಯಾಕ್ಸಿಯೊಂದನ್ನು ಹಿಡಿದು ಹೊರಟಾಗ ನಾಲ್ಕೂ ಇಪ್ಪತ್ತು. ದಾರಿ ಅರ್ಧ ಗಂಟೆಯದು. ಊರು ಗೊತ್ತಿಲ್ಲ, ಬೋಲ್ಟಿಲ್ಲ, ಸ್ಪ್ಯಾನರಿಲ್ಲ. ಅಂಗಡಿ ಎಲ್ಲಿದೆ ಎಂದು ಹುಡುಕುವುದು? ಮಗಳ ನಾಲ್ಕು ವರ್ಷದ ಬೆವರು ಎರಡು ಬೋಲ್ಟಿಗೆ ನಿಂತುಹೋಯಿತಲ್ಲ! ಅಷ್ಟರಲ್ಲಿ ಹೆಂಡತಿಯ ಫೋನು.

“ರೀ, ತಲುಪಿದ್ರಾ? ವಾಷಿಂಗ್ ಮಷಿನ್ ಕಟಕಟ ಅಂತಿತ್ತು. ನಿಲ್ಲಿಸಿ ನೋಡಿದ್ರೆ ನಿಮ್ಮ ಅಂಗಿ ಜೇಬಲ್ಲಿ ಎರಡು ಬೋಲ್ಟು. ಬೇಕಾಗಿದ್ವಾ?”

ನಾನು ಫೋನು ಇಟ್ಟೆ. ಆಕೆಯ ದನಿ ಟ್ಯಾಕ್ಸಿಯವನಿಗೂ ಕೇಳಿಸುವಷ್ಟು ದೊಡ್ಡದು. ಅವನು ಕನ್ನಡಿಯಲ್ಲಿ ನನ್ನನ್ನು ಒಮ್ಮೆ ನೋಡಿ ರಸ್ತೆಯ ಕಡೆ ತಿರುಗಿದ.

ಮಗಳು ಕಿಟಕಿಯ ಆಚೆ ನೋಡುತ್ತಲೇ ಹೇಳಿದಳು, “ನನ್ನ ಹತ್ರ ಬೇರೆ ಬೋಲ್ಟು ಇದೆ. ಅದನ್ನ ಬಿಗಿಯೋ ಅಲೆನ್ ಕೀನೂ ಇದೆ. ಬೆಳಿಗ್ಗೆ ನನ್ನ ಬಟ್ಟೆ ಬ್ಯಾಗಲ್ಲಿ ಹಾಕಿ ಲಗೇಜಿಗೆ ಕೊಟ್ಟಿದ್ದೆ.”

“ಮತ್ತೆ ಮೊದಲೇ ಹೇಳೋದಕ್ಕೇನಾಗಿತ್ತು ನಿನಗೆ?”

ಕೇಳಿದ ಕ್ಷಣವೇ ನಾಲಿಗೆ ಕಚ್ಚಿಕೊಂಡೆ.

ಕ್ರೀಡಾಂಗಣದ ಬಾಗಿಲಿಗೆ ಬಂದಾಗ ಐದಕ್ಕೆ ಒಂಬತ್ತು ನಿಮಿಷ ಇತ್ತು. ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದ ಅಧಿಕಾರಿ ಪುಸ್ತಕ ಮಡಚುತ್ತಿದ್ದ. “ಐದಕ್ಕೆ ಮುಚ್ಚೋದು. ಪೆಟ್ಟಿಗೇಲಿರೋ ಸೈಕಲ್ ನಾನು ನೋಡಲ್ಲ” ಎಂದ. ನಾನು ಉಸಿರೆಳೆದುಕೊಂಡೆ. ಮಗಳು ನನ್ನ ಕಡೆ ತಿರುಗದೆ ಅಂಗೈ ತೋರಿಸಿ ತಡೆದಳು.

“ಇನ್ನೂ ಒಂಬತ್ತು ನಿಮಿಷ ಇದೆ ಸರ್. ಅಷ್ಟರೊಳಗೆ ಜೋಡಿಸಿ ನಿಲ್ಲಿಸ್ತೀನಿ.”

ಅಲ್ಲೇ ಬಾಗಿಲ ಬಳಿ ಮಂಡಿಯೂರಿ ಕೂತಳು. ಅಭ್ಯಾಸಬಲದಿಂದ ನನ್ನ ಕೈ ಮುಂದಿನ ಚಕ್ರ ಕೂರುವ ಫೋರ್ಕಿನ ಕಡೆ ಹೋಯಿತು.

“ಮುಟ್ಬೇಡಪ್ಪಾ. ಪೆಟ್ಟಿಗೆ ಹಿಡ್ಕೋ, ಗಾಳಿಗೆ ಹಾರುತ್ತೆ.”

ಹಿಡಿದುಕೊಂಡೆ. ಅವಳು ಮುಂದಿನ ಚಕ್ರ ಕೂರಿಸಿದಳು. ಬೆಳಿಗ್ಗೆ ನಾನು ಬೇಡವೆಂದಿದ್ದ ಪುಟ್ಟ ಚೀಲವೊಂದರಿಂದ ಎರಡು ಬೋಲ್ಟು ತೆಗೆದು, ಎರಡನ್ನೂ ಸ್ವಲ್ಪ ಸ್ವಲ್ಪವೇ ಸಮನಾಗಿ ಬಿಗಿದಳು. ಎಡ ಪೆಡಲ್ ಉಲ್ಟಾ ತಿರುಗಿಸಬೇಕು ಎಂದು ಹೇಳಲು ಬಾಯಿ ತೆರೆದೆ. ಆಗಲೇ ಅವಳ ಕೈ ಉಲ್ಟಾ ತಿರುಗುತ್ತಿತ್ತು. ಬ್ಯಾಗಿನಿಂದ ಪುಟ್ಟ ಪಂಪು ತೆಗೆದು ಗಾಳಿ ಹೊಡೆದಳು, ಬ್ರೇಕು ಹಿಡಿದು ನೋಡಿದಳು. ಒಂದು ಸಲವೂ ತಡವರಿಸಲಿಲ್ಲ. ಇಷ್ಟು ವರ್ಷ ಅಂಗಡಿಯ ಬಾಗಿಲಲ್ಲಿ ಕೂತು ಇವಳು ನಾನಂದುಕೊಂಡ ಹಾಗೆ ಫೋನು ನೋಡುತ್ತಿರಲಿಲ್ಲ, ನನ್ನ ಕೈ ನೋಡುತ್ತಿದ್ದಳು. ನನಗೆ ಹೆಮ್ಮೆಯಾಯಿತು. ಅವಮಾನವೂ ಆಯಿತು.

ಅಧಿಕಾರಿ ಹ್ಯಾಂಡಲ್ ಹಿಡಿದು ಅಲ್ಲಾಡಿಸಿದ, ಚಕ್ರ ತಿರುಗಿಸಿದ, ಸೀಟಿನ ಕೆಳಗೆ ಚೀಟಿ ಅಂಟಿಸಿದ. ಐದಕ್ಕೆ ಒಂದು ನಿಮಿಷ ಬಾಕಿ ಇತ್ತು.

“ಮೆಕ್ಯಾನಿಕ್ ಯಾರು?” ಎಂದು ಪುಸ್ತಕ ತಿರುಗಿಸಿ ಇಟ್ಟ.

ನಾನು ಪೆಟ್ಟಿಗೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದೆ. ಮಗಳು ಪೆನ್ನು ತೆಗೆದುಕೊಂಡು ತನ್ನ ಹೆಸರನ್ನೇ ಬರೆದಳು.

“ಸವಾರರೇ ಮೆಕ್ಯಾನಿಕ್ ಆದ್ರೆ ಪಾಸು ಒಂದೇ ಸಿಗೋದು. ನಾಳೆ ಇವರನ್ನ ಒಳಗೆ ಬಿಡಲ್ಲ” ಎಂದ ಅಧಿಕಾರಿ. “ಸೀಟು ನಮ್ಮೋರು ಯಾರಾದ್ರೂ ಹಿಡೀತಾರೆ.”

“ಗೊತ್ತು ಸರ್.”

ಕೋಪ ಮೂಗಿನ ತುದಿಗೆ ಬಂತು. ಸುಳ್ಳೇಕೆ ಹೇಳಲಿ? ಅವಳು ಪೆನ್ನು ಕೆಳಗಿಟ್ಟು ನನ್ನತ್ತ ನೋಡಿದಳು. ಕಣ್ಣಲ್ಲಿ ನೀರಿತ್ತು, ಮಾತು ಮಾತ್ರ ಗಟ್ಟಿಯಾಗಿತ್ತು.

“ನೀನು ಸಿಟ್ಟಲ್ಲಿ ಪಕ್ಕ ನಿಂತ್ರೆ ನನ್ನ ಕೈ ನಡುಗುತ್ತಪ್ಪಾ. ಚಿಕ್ಕಂದಿನಿಂದ್ಲೂ ಅಷ್ಟೇ. ನಾಳೆ ನಡುಗಬಾರದು.”

ಆ ಎಂಟು ನಿಮಿಷ ನಾನು ಬಾಯಿ ಮುಚ್ಚಿಕೊಂಡಿದ್ದಾಗ ಅವಳ ಕೈ ಹೇಗಿತ್ತು ಎಂಬುದನ್ನು ನಾನೇ ಕಣ್ಣಾರೆ ಕಂಡಿದ್ದೆನಲ್ಲ. ಅವಳು ಸೈಕಲ್ ತಳ್ಳಿಕೊಂಡು ಒಳಗೆ ಹೋದಳು.

ಹೊರಗಿನ ಕಟ್ಟೆಯ ಮೇಲೆ ಕೂತು ದೂರಿನ ಪ್ರತಿಯಲ್ಲಿದ್ದ ನಂಬರಿಗೆ ಫೋನು ಮಾಡಿದೆ. ಅದೇ ಹೆಂಗಸು ಎತ್ತಿದಳು. ದೂರು ವಾಪಸ್ ತಗೋಬೇಕು ಎಂದೆ. ಕಾರಣ ಬರೆಯಬೇಕು ಸರ್, ಎಂದಳು. “ಬೋಲ್ಟು ನನ್ನ ಜೇಬಲ್ಲೇ ಇತ್ತಮ್ಮ. ತಪ್ಪು ನನ್ನದು” ಎಂದೆ. ಆಕೆ, “ಆಯ್ತು ಸರ್, ಮಗಳ ಸೈಕಲ್ ಸರಿಹೋಯ್ತಾ?” ಎಂದು ಕೇಳಿದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಅದಾದ ಮೇಲೆ ಮನೆಗೆ ಮಾಡಿದೆ.

“ಆಗ ಇಟ್ಟುಬಿಟ್ರಿ, ಆಮೇಲೆ ಫೋನು ಯಾಕೆ ಎತ್ತಲಿಲ್ಲ? ಟೈಮಿಗೆ ಮುಟ್ಟಿಸಿದ್ರಾ?” ಎಂದಳು ಹೆಂಡತಿ.

“ಹೂಂ. ಚೀಟಿ ಅಂಟಿಸಿದ್ರು.”

“ಸದ್ಯ! ಬೋಲ್ಟಿಲ್ದೆ ಹೆಂಗೆ ಜೋಡಿಸಿದ್ರಿ?”

“ಅವಳೇ ಜೋಡಿಸಿದ್ಲು.”

“ಅವಳಾ? ಮತ್ತೆ ನೀವೇನ್ ಮಾಡ್ತಿದ್ರಿ?”

“ನಾನು ಪೆಟ್ಟಿಗೆ ಹಿಡ್ಕೊಂಡಿದ್ದೆ ಕಣೇ.”